ಸುದ್ದಿ ತಪ್ಪಾಯ್ತು, ಲಿಂಕ್ ಡಿಲೀಟ್ ಮಾಡಿದರು. ಇಷ್ಟಕ್ಕೇ ಮುಗೀತಾ?

ಡೆಸ್ಕ್‌ಹುಡುಗ ಕೇಳಿದ್ದು:

ಒಂದು ಜಿಲ್ಲೆಯ ಸುದ್ದಿ ಹಾಕುವ ವೆಬ್‌ಸೈಟ್‌ನಲ್ಲಿ ಡೆಸ್ಕ್ ಕೆಲಸ ಮಾಡುತ್ತೇನೆ. ಡೆಸ್ಕ್ ಅಂದರೆ ಮೂರು ಜನ, ಎರಡು ಕಂಪ್ಯೂಟರ್. ರಾತ್ರಿ ಪಾಳಿಗೆ ನಾನೊಬ್ಬನೇ. ಯಾವ ಸೈಟ್ ಅಂತ ಹೇಳಲ್ಲ, ದಯವಿಟ್ಟು ಕೇಳಬೇಡಿ.

ಹೋದ ವಾರ ರಾತ್ರಿ ಹತ್ತೂ ಮುಕ್ಕಾಲಿಗೆ ನಮ್ಮ ವರದಿಗಾರರ ವಾಟ್ಸಾಪ್ ಗ್ರೂಪಿಗೆ ಒಂದು ವಾಯ್ಸ್ ಮೆಸೇಜ್ ಬಂತು. ಹೆದ್ದಾರಿಯಲ್ಲಿ ಬೈಕಿಗೆ ಟಿಪ್ಪರ್ ಗುದ್ದಿದೆ, "ಬೈಕಿನವನು ಸ್ಪಾಟ್ ಔಟ್" ಅಂತ. ಹೇಳಿದ್ದು ಆಂಬುಲೆನ್ಸ್ ಹತ್ತಿರ ನಿಂತಿದ್ದ ಯಾವುದೋ ಹುಡುಗ. ಜೊತೆಗೆ ಎರಡು ಫೋಟೋ. ಒಂದರಲ್ಲಿ ನಜ್ಜುಗುಜ್ಜಾದ ಬೈಕ್, ಇನ್ನೊಂದರಲ್ಲಿ ರಸ್ತೆ ಮೇಲೆ ಬಿದ್ದಿದ್ದ ಡ್ರೈವಿಂಗ್ ಲೈಸೆನ್ಸ್. ಹೆಸರು, ಊರು, ಮುಖ ಎಲ್ಲ ಕಾಣುತ್ತಿತ್ತು.

ವರದಿಗಾರನಿಗೆ ಫೋನ್ ಮಾಡಿದೆ, ಎತ್ತಲಿಲ್ಲ. ಠಾಣೆಗೆ ಮಾಡಿದೆ, ಎಂಗೇಜ್. ಅಷ್ಟರಲ್ಲಿ ಪಕ್ಕದ ಸೈಟ್‌ನವರು ಹಾಕಿಯೇ ಬಿಟ್ಟಿದ್ದರು. ನಮ್ಮ ಮಾಲೀಕರು ಅವರ ಲಿಂಕನ್ನು ಗ್ರೂಪಿಗೆ ಎಸೆದು ಕೆಳಗೆ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದರು, ಬೇರೆ ಒಂದಕ್ಷರವೂ ಇಲ್ಲ. ಈ ಕೆಲಸ ಮಾಡಿದವರಿಗೆ ಆ ಚಿಹ್ನೆಯ ಅರ್ಥ ಗೊತ್ತು. ನಾನೂ ಹಾಕಿದೆ. "ಟಿಪ್ಪರ್ ಡಿಕ್ಕಿ: ಬೈಕ್ ಸವಾರ ಸ್ಥಳದಲ್ಲೇ ಸಾವು". ಲೈಸೆನ್ಸ್ ಫೋಟೋ ಕತ್ತರಿಸಿ ಮುಖ ಮಾತ್ರ ಇಟ್ಟೆ.

ಮುಕ್ಕಾಲು ಗಂಟೆ ಆಗಿರಬೇಕು, ಆಫೀಸ್ ನಂಬರಿಗೆ ಫೋನ್. "ಸಾರ್, ನಾನು ಆಸ್ಪತ್ರೆಯಲ್ಲಿ ಅವನ ಪಕ್ಕದಲ್ಲೇ ನಿಂತಿದ್ದೀನಿ. ಅವನು ಬದುಕಿದ್ದಾನೆ. ಕಾಲು ಮುರಿದಿದೆ, ತಲೆಗೆ ಏಟಾಗಿದೆ, ಆದ್ರೆ ಮಾತಾಡ್ತಿದ್ದಾನೆ. ಊರಲ್ಲಿ ಮನೆ ಮುಂದೆ ಜನ ಸೇರಿದ್ದಾರೆ, ಯಾರೋ ಆಗಲೇ ಶಾಮಿಯಾನದವರಿಗೆ ಹೇಳಿಬಿಟ್ಟಿದ್ದಾರೆ." ಬೈಯಲಿಲ್ಲ ಆ ಮನುಷ್ಯ. ಬೈದಿದ್ದರೆ ವಾಸಿ ಇತ್ತು.

ಮಾಲೀಕರಿಗೆ ಹೇಳಿದೆ. "ಡಿಲೀಟ್ ಮಾಡು, ಮುಗೀತು. ತಪ್ಪಾಗಿದೆ ಅಂತ ಹಾಕಿದರೆ ನಾವೇ ಒಪ್ಪಿಕೊಂಡ ಹಾಗೆ, ಕೇಸ್ ಹಾಕ್ತಾರೆ" ಅಂದರು. ಡಿಲೀಟ್ ಮಾಡಿದೆ. ಈಗ ನಮ್ಮ ಸೈಟಿನಲ್ಲಿ ಆ ಸುದ್ದಿ ಹುಡುಕಿದರೂ ಸಿಗಲ್ಲ, ಯಾವತ್ತೂ ಇರಲೇ ಇಲ್ಲವೇನೋ ಅನ್ನುವ ಹಾಗೆ. ಆದರೂ ಮನಸ್ಸು ಒಪ್ಪುತ್ತಿಲ್ಲ. ಇದಕ್ಕೆ ಏನಾದರೂ ನಿಯಮ ಇದೆಯಾ? ಬೇರೆಯವರು ಏನು ಮಾಡುತ್ತಾರೆ? ಅನುಭವ ಇದ್ದವರು ಹೇಳಿ.

---

ಹಳೇಮೊಳೆ:

ತಮ್ಮಾ, ನಾನು ಮೂವತ್ತು ವರ್ಷ ಅಚ್ಚಿನ ಪತ್ರಿಕೆಯಲ್ಲಿದ್ದೆ, ಈಗ ನಿವೃತ್ತ. ಮೊದಲು ಸಮಾಧಾನ ಹೇಳುತ್ತೇನೆ, ಆಮೇಲೆ ಬೈಯುತ್ತೇನೆ.

ಸಮಾಧಾನ ಏನು ಅಂದರೆ ನಿಮಗಿಂತ ನೂರು ಪಟ್ಟು ದೊಡ್ಡವರೂ ಇದೇ ಹಳ್ಳಕ್ಕೆ ಬಿದ್ದಿದ್ದಾರೆ. 2021ರ ಜೂನ್‌ನಲ್ಲಿ ನಟ ಸಂಚಾರಿ ವಿಜಯ್ ಬೈಕ್ ಅಪಘಾತ ಆದಾಗ ನೆನಪಿದೆಯಾ? ಅಧಿಕೃತವಾಗಿ ಹೇಳುವ ಮೊದಲೇ, ಹಿಂದಿನ ದಿನವೇ, ಎಲ್ಲ ಕಡೆ "ಇನ್ನಿಲ್ಲ" ಅಂತ ಬಂದು ಶ್ರದ್ಧಾಂಜಲಿ ಶುರುವಾಗಿತ್ತು. 2025ರ ನವೆಂಬರ್ 11ರಂದು ಹಿಂದಿ ನಟ ಧರ್ಮೇಂದ್ರ ತೀರಿಕೊಂಡರು ಅಂತ ದೊಡ್ಡ ದೊಡ್ಡ ಚಾನೆಲ್‌ಗಳೇ ಹಾಕಿದವು. ಅಪ್ಪ ಹುಷಾರಾಗುತ್ತಿದ್ದಾರೆ ಅಂತ ಮಗಳೇ ಬರೆಯಬೇಕಾಯಿತು. ಅವರು ತೀರಿಕೊಂಡಿದ್ದು 24ಕ್ಕೆ.

ಈಗ ಬೈಗುಳ. ಸಾವಿನ ಸುದ್ದಿಗೆ ಆಂಬುಲೆನ್ಸ್ ಹತ್ತಿರ ನಿಂತವನ ಮಾತು ಸಾಲದು. ಮೈಯೆಲ್ಲ ರಕ್ತ ಆಗಿ ಪ್ರಜ್ಞೆ ತಪ್ಪಿ ಬಿದ್ದವನನ್ನು ನೋಡಿದ ಯಾರಿಗಾದರೂ ಹೋದ ಅಂತಲೇ ಅನಿಸುತ್ತದೆ. ಸತ್ತಿದ್ದಾನೆ ಅಂತ ಹೇಳಬೇಕಾದವರು ಡಾಕ್ಟರು. ಡಾಕ್ಟರು ನಮ್ಮ ಫೋನ್ ಎತ್ತಲ್ಲ, ಸರಿ. ಆಗ ಠಾಣೆ. ಎಂಗೇಜ್ ಇದ್ದರೆ ಸರ್ಕಲ್ ಆಫೀಸು. ಅದೂ ಆಗದಿದ್ದರೆ ಆಸ್ಪತ್ರೆಯ ಔಟ್‌ಪೋಸ್ಟಿನಲ್ಲಿ ಕೂತಿರುವ ಪೇದೆ. ನಾವು ಆ ಪೇದೆಗೆ ಟೀ ಕುಡಿಸಿ ಇಟ್ಟುಕೊಂಡಿರುತ್ತಿದ್ದೆವು, ಇದಕ್ಕೇ. ಬೆಳಗ್ಗೆ ಎಫ್‌ಐಆರ್ ಸಿಕ್ಕಿದ ಮೇಲೆ ಮೊದಲು ನೋಡುವುದು ಕಲಂ. ಹಿಂದೆ ಐಪಿಸಿ 304ಎ ಇದ್ದರೆ ಸಾವು, ಬರೀ 279, 337, 338 ಇದ್ದರೆ ಗಾಯ ಅಷ್ಟೇ. 2024ರ ಜುಲೈ 1ರಿಂದ ನಂಬರ್ ಬದಲಾಗಿವೆ. ಈಗ ಐಪಿಸಿ ಬದಲಿಗೆ ಬಂದಿರುವ ಭಾರತೀಯ ನ್ಯಾಯ ಸಂಹಿತೆಯ 106 ಇದ್ದರೆ ಸಾವು, 281 ಮತ್ತು 125 ಮಾತ್ರ ಇದ್ದರೆ ಎಫ್‌ಐಆರ್ ಬರೆದ ಹೊತ್ತಿಗೆ ಮನುಷ್ಯ ಬದುಕಿದ್ದಾನೆ. ಇದನ್ನು ಒಂದು ಚೀಟಿಯಲ್ಲಿ ಬರೆದು ಕಂಪ್ಯೂಟರಿಗೆ ಅಂಟಿಸಿಕೋ.

ಅಲ್ಲಿವರೆಗೆ "ಗಂಭೀರ ಗಾಯ" ಅಂತ ಹಾಕಿದ್ದರೆ ಏನು ಮುಳುಗಿಹೋಗುತ್ತಿತ್ತು? ಹೆಸರು, ಮುಖ ಹಾಕುವ ಆತುರವಾದರೂ ಏನಿತ್ತು? ಮನೆಯವರಿಗೆ ಪೊಲೀಸರು ತಿಳಿಸುವ ಮೊದಲು ನಾವು ತಿಳಿಸಬಾರದು ಅನ್ನುವುದು ನಮ್ಮ ಕಾಲದಲ್ಲಿ ಯಾರೂ ಬರೆದು ಕೊಟ್ಟ ನಿಯಮ ಅಲ್ಲ, ಮೊದಲ ವಾರದಲ್ಲೇ ಚೀಫ್ ಸಬ್ ಎಡಿಟರ್ ಕೈಲಿ ಬೈಸಿಕೊಂಡು ಕಲಿಯುತ್ತಿದ್ದದ್ದು.

ಡಿಲೀಟ್ ವಿಷಯ. ಅಚ್ಚಾದ ಪತ್ರಿಕೆಯನ್ನು ಮನೆಮನೆಗೆ ಹೋಗಿ ವಾಪಸ್ ತರೋಕೆ ಆಗಲ್ಲ, ಹಾಗಾಗಿ ಮರುದಿನ "ತಿದ್ದುಪಡಿ" ಹಾಕುತ್ತಿದ್ದೆವು. ನಿಜ ಹೇಳಬೇಕಂದರೆ ಒಳಪುಟದ ಮೂಲೆಯಲ್ಲಿ, ಟೆಂಡರ್ ಜಾಹೀರಾತಿನ ಕೆಳಗೆ, ಭೂತಗನ್ನಡಿ ಹಿಡಿದು ಓದುವ ಅಕ್ಷರದಲ್ಲಿ. ಅದಕ್ಕೆ ನಾಚಿಕೆಯೂ ಇದೆ. ಇದನ್ನು ಮರ್ಯಾದೆಯಿಂದ ಮಾಡಿದವರೂ ಇದ್ದಾರೆ. ಇಂಗ್ಲೆಂಡಿನ ಗಾರ್ಡಿಯನ್ 1997ರಲ್ಲೇ ಓದುಗರ ಪರವಾಗಿ ತಪ್ಪು ಹುಡುಕುವುದಕ್ಕೆ ಅಂತ ಒಬ್ಬ ಸಂಪಾದಕರನ್ನು ಕೂರಿಸಿತು, ದಿನಾ ತಿದ್ದುಪಡಿ ಅಂಕಣ ಶುರು ಮಾಡಿತು. ನಮ್ಮಲ್ಲಿ ದಿ ಹಿಂದೂ 2006ರಲ್ಲಿ ಅದೇ ದಾರಿ ಹಿಡಿಯಿತು. ಒಂದು ಇನಿಷಿಯಲ್ ತಪ್ಪಾಗಿದ್ದರೂ ಹಾಕುತ್ತಾರೆ.

ಒಂದು ಮಾತು, ತಿದ್ದುಪಡಿ ಬರೆಯೋದಾದರೆ ಅದನ್ನು ಎರಡು ಸಲ ಓದು. ನನ್ನ ಅನುಭವದಲ್ಲಿ ಅತಿ ಹೆಚ್ಚು ತಪ್ಪು ಆಗುವುದು ತಿದ್ದುಪಡಿಯಲ್ಲೇ.

---

ಕರಿಕೋಟು:

ವಕೀಲ ನಾನು, ಆದರೆ ಇದು ಕಟ್ಟೆ ಮಾತು ಅಂತ ಇಟ್ಟುಕೊಳ್ಳಿ, ಫೀಸ್ ಇಲ್ಲ.

ನಿಮ್ಮ ಮಾಲೀಕರ ಭಯ ಉಲ್ಟಾ ಇದೆ. ಬದುಕಿದ್ದವರನ್ನು ಸತ್ತರು ಅಂತ ಬರೆದರೆ ಅದು ಘೋರ ತಪ್ಪು, ಆದರೆ ಅದರಿಂದ ಮಾನಹಾನಿ ಆಯಿತು ಅಂತ ಸಾಧಿಸೋದು ಕಷ್ಟ, ಯಾಕಂದರೆ ಸಾಯೋದರಲ್ಲಿ ಮರ್ಯಾದೆ ಹೋಗುವಂಥದ್ದು ಏನೂ ಇಲ್ಲ. ಅದೇ ಸುದ್ದಿಯಲ್ಲಿ "ಕುಡಿದು ಓಡಿಸುತ್ತಿದ್ದ ಎನ್ನಲಾಗಿದೆ" ಅಂತ ಒಂದು ಸಾಲು ಸೇರಿಸಿದ್ದರೆ ಬೇರೆ ಕಥೆ. "ಎನ್ನಲಾಗಿದೆ" ಹಾಕಿದರೆ ಬಚಾವ್ ಅಂತ ಎಲ್ಲ ಡೆಸ್ಕಿನವರೂ ನಂಬಿದ್ದಾರೆ. ಇಲ್ಲಪ್ಪ. ಯಾರು ಎಂದರು ಅಂತ ಜಡ್ಜ್ ಕೇಳುತ್ತಾರೆ.

ಡಿಲೀಟ್ ಮಾಡಿದರೆ ಸಾಕ್ಷಿ ಹೋಯ್ತು ಅನ್ನೋದೂ ಭ್ರಮೆ. ಎದುರು ಪಾರ್ಟಿ ಹತ್ತಿರ ಸ್ಕ್ರೀನ್‌ಶಾಟ್ ಇರುತ್ತದೆ. ಹೊಸ ಸಾಕ್ಷ್ಯ ಕಾಯ್ದೆಯ 63ನೇ ಕಲಂ ಪ್ರಕಾರ ಸರ್ಟಿಫಿಕೇಟ್ ಜೊತೆಗೆ ಹಾಜರುಪಡಿಸುತ್ತಾರೆ (ಹಳೇದರಲ್ಲಿ 65ಬಿ ಇತ್ತಲ್ಲ, ಅದೇ). ಆಗ ನಿಮ್ಮ ಕೈಯಲ್ಲಿ "ತಪ್ಪು ಗೊತ್ತಾದ ಕೂಡಲೇ ಸರಿಪಡಿಸಿ ವಿಷಾದ ಹೇಳಿದ್ದೇವೆ" ಅಂತ ತೋರಿಸೋಕೆ ಒಂದು ಪುಟ ಇದ್ದರೆ ಒಳ್ಳೆಯದೋ, ಗುಟ್ಟಾಗಿ ಅಳಿಸಿದ್ದೀರಿ ಅನ್ನಿಸಿಕೊಂಡರೆ ಒಳ್ಳೆಯದೋ? ನೀವೇ ಹೇಳಿ.

ನಿಯಮ ಇದೆಯಾ ಅಂದಿರಿ. ಇದೆ, ಇಲ್ಲ, ಎರಡೂ. ಪ್ರೆಸ್ ಕೌನ್ಸಿಲ್ ಆಫ್ ಇಂಡಿಯಾದ ಪತ್ರಿಕಾ ನಡತೆಯ ನಿಯಮಗಳಲ್ಲಿ ಇದು ಸ್ಪಷ್ಟವಾಗಿದೆ. ತಪ್ಪು ಗೊತ್ತಾದರೆ ಯಾರೂ ಕೇಳದಿದ್ದರೂ ತಾವಾಗಿಯೇ, ಬೇಗ, ಎದ್ದು ಕಾಣುವ ಹಾಗೆ ತಿದ್ದುಪಡಿ ಹಾಕಬೇಕು, ದೊಡ್ಡ ತಪ್ಪಾದರೆ ಕ್ಷಮೆಯನ್ನೋ ವಿಷಾದವನ್ನೋ ಹೇಳಬೇಕು. ಆದರೆ ಕೌನ್ಸಿಲ್ ನಡೆಯೋದು 1978ರ ಕಾಯ್ದೆ ಮೇಲೆ. ಅದರ ವ್ಯಾಪ್ತಿ ಪತ್ರಿಕೆ ಮತ್ತು ಸುದ್ದಿಸಂಸ್ಥೆ. ಬರೀ ವೆಬ್‌ಸೈಟ್ ಇಟ್ಟುಕೊಂಡವರು ಅದರೊಳಗೆ ಬರಲ್ಲ. ಬಂದರೂ ಅದು ಮಾಡಬಹುದಾದದ್ದು ಎಚ್ಚರಿಕೆ, ಛೀಮಾರಿ, ಖಂಡನೆ. ಒಂದು ರೂಪಾಯಿ ದಂಡ ಹಾಕೋಕೆ ಬರಲ್ಲ. ದೂರು ಕೇಳೋಕೆ ಟಿವಿಯವರೇ ಮಾಡಿಕೊಂಡ ಎನ್‌ಬಿಡಿಎಸ್‌ಎ ಅನ್ನೋ ಸಂಸ್ಥೆ ಇದೆ, ಅದು ಅದರ ಸದಸ್ಯರಿಗೆ ಮಾತ್ರ. ಎರಡು ಕಂಪ್ಯೂಟರ್ ಇರುವ ನಿಮ್ಮಂಥವರು ಅಲ್ಲೂ ಇಲ್ಲ.

ವೆಬ್‌ನವರಿಗೆ ಅಂತಲೇ ಬಂದಿದ್ದು 2021ರ ಫೆಬ್ರವರಿ 25ರ ಐಟಿ ನಿಯಮಗಳು. ಕೌನ್ಸಿಲ್‌ನ ಅದೇ ನಡತೆಯ ನಿಯಮಗಳನ್ನು ಡಿಜಿಟಲ್ ಸುದ್ದಿಯವರೂ ಪಾಲಿಸಬೇಕು, ದೂರು ಕೇಳೋಕೆ ಒಬ್ಬ ಅಧಿಕಾರಿ ಇರಬೇಕು, 15 ದಿನದಲ್ಲಿ ಉತ್ತರ ಕೊಡಬೇಕು, ಅಲ್ಲಿ ಬಗೆಹರಿಯದಿದ್ದರೆ ಪ್ರಕಾಶಕರ ಸಂಘ, ಅದರ ಮೇಲೆ ಸರ್ಕಾರದ ಸಮಿತಿ. ಈ ಕೊನೇ ಹಂತ ನೋಡಿಯೇ ಗಲಾಟೆ ಆಗಿದ್ದು. ಸುದ್ದಿ ಸರಿಯೋ ತಪ್ಪೋ ಅಂತ ಸರ್ಕಾರ ಕೂತು ತೀರ್ಮಾನ ಮಾಡೋದಾದರೆ ಸರ್ಕಾರದ ವಿರುದ್ಧ ಬರೆಯೋರು ಯಾರು? ಬಾಂಬೆ ಹೈಕೋರ್ಟ್ 2021ರ ಆಗಸ್ಟ್‌ನಲ್ಲಿ ಇದೆಲ್ಲ ಇರುವ 9ನೇ ನಿಯಮದ ಮುಖ್ಯ ಭಾಗಗಳಿಗೆ ತಡೆ ಕೊಟ್ಟಿತು. ತಡೆ ಕೊಟ್ಟಿದ್ದು ಸರಿ ಅಂತಲೇ ನನ್ನ ಅಭಿಪ್ರಾಯ. ಆದರೆ ಅದರ ಅರ್ಥ ನಿಮ್ಮ ಮಾಲೀಕರು ಏನು ಬೇಕಾದರೂ ಮಾಡಬಹುದು ಅಂತಲ್ಲ.

ಸೈಟಿನ ಕೆಳಗೆ ದೂರಿಗೆ ಅಂತ ಒಂದು ಹೆಸರು, ಒಂದು ಇಮೇಲ್ ಇದೆಯಾ? ಮೊದಲು ಅದು ನೋಡಿ.

---

ಖಾರಬೂಂದಿ:

ಎಲ್ಲಾ ಸುಮ್ನೆ. ನೀತಿಗೀತಿ ಎಲ್ಲ ಸಂಬಳ ಸರಿಯಾಗಿ ಬರೋರಿಗೆ. ಗೂಗಲ್ ಜಾಹೀರಾತಿನ ಕಾಸು ಕ್ಲಿಕ್ ಮೇಲೆ ನಿಂತಿದೆ, ಮೊದಲು ಹಾಕಿದವನಿಗೆ ಕ್ಲಿಕ್. "ಗಂಭೀರ ಗಾಯ" ಅಂತ ಹಾಕಿದರೆ ಯಾರು ಒತ್ತುತ್ತಾರೆ? ತಿದ್ದುಪಡಿ ಹಾಕಿದರೂ ಓದೋರು ಯಾರು? ಸುಮ್ನೆ ಮತ್ತೊಂದು ಸಲ ಆ ಮನೆಯವರನ್ನು ಬೀದಿಗೆ ತಂದ ಹಾಗೆ. ಡಿಲೀಟೇ ವಾಸಿ.

---

ಲಿಂಕ್‌ರಿಪೇರಿ:

ಖಾರಬೂಂದಿ, ಕ್ಲಿಕ್ ಲೆಕ್ಕ ನಿಮ್ಮದು ಸರಿ, ಡಿಲೀಟ್ ಲೆಕ್ಕ ತಪ್ಪು. ಸುದ್ದಿ ಸೈಟ್‌ಗಳನ್ನು ನೋಡಿಕೊಳ್ಳೋದೇ ನನ್ನ ಕೆಲಸ, ಸ್ವಲ್ಪ ಒಳಗಿನ ವಿಷಯ ಹೇಳುತ್ತೇನೆ.

ಲಿಂಕನ್ನು ವಾಟ್ಸಾಪಿನಲ್ಲಿ ಕಳಿಸಿದಾಗ ಶೀರ್ಷಿಕೆ, ಚಿತ್ರ ಇರುವ ಒಂದು ಕಾರ್ಡ್ ಬರುತ್ತದಲ್ಲ, ಅದು ಕಳಿಸಿದವರ ಫೋನಿನಲ್ಲಿ ಆ ಕ್ಷಣಕ್ಕೆ ತಯಾರಾಗಿ ಮೆಸೇಜ್ ಜೊತೆಗೇ ಹೋಗುತ್ತದೆ. ನೀವು ಆಮೇಲೆ ಸೈಟಿನಲ್ಲಿ ಶೀರ್ಷಿಕೆ ಬದಲಿಸಿದರೂ, ಪುಟವನ್ನೇ ಕಿತ್ತುಹಾಕಿದರೂ, ಆಗಲೇ ಹೋಗಿರುವ ಕಾರ್ಡಿನಲ್ಲಿ "ಸ್ಥಳದಲ್ಲೇ ಸಾವು" ಹಾಗೇ ಇರುತ್ತದೆ. ಆ ಮುಖವೂ ಇರುತ್ತದೆ. ಅದು ಮಹಿಳಾ ಸಂಘದ ಗ್ರೂಪು, ಹಾಲಿನ ಡೇರಿ ಗ್ರೂಪು, ಎಸ್ಸೆಸ್ಸೆಲ್ಸಿ ಬ್ಯಾಚಿನ ಗ್ರೂಪು ಅಂತ ಸುತ್ತುತ್ತಲೇ ಇರುತ್ತದೆ. ಅದರ ಮೇಲೆ ನಿಮಗೆ ಯಾವ ಹಿಡಿತವೂ ಇಲ್ಲ.

ಹಿಡಿತ ಇರೋದು ಒಂದೇ ಕಡೆ. ಯಾರಾದರೂ ಆ ಕಾರ್ಡನ್ನು ಒತ್ತಿದರೆ ತೆರೆದುಕೊಳ್ಳುವ ಪುಟ ನಿಮ್ಮದು. ಅಲ್ಲಿ "ಇವರು ಬದುಕಿದ್ದಾರೆ, ನಮ್ಮ ಸುದ್ದಿ ತಪ್ಪಾಗಿತ್ತು" ಅಂತ ಇದ್ದರೆ ಒತ್ತಿದವರಿಗೆ ಗೊತ್ತಾಗುತ್ತದೆ. ಅದನ್ನೇ ನೀವು ಡಿಲೀಟ್ ಮಾಡಿದ್ದೀರಿ. ಈಗ ಒತ್ತಿದವರಿಗೆ "404, ಪುಟ ಸಿಗಲಿಲ್ಲ" ಅಂತ ಬರುತ್ತದೆ. ನಮ್ಮ ಜನ 404 ನೋಡಿದರೆ ಸುದ್ದಿ ಸುಳ್ಳು ಅಂದುಕೊಳ್ಳಲ್ಲ ಸ್ವಾಮಿ. ಟಿಪ್ಪರ್ ಮಾಲೀಕ ದುಡ್ಡು ಕೊಟ್ಟು ತೆಗೆಸಿದ್ದಾನೆ ಅಂದುಕೊಳ್ಳುತ್ತಾರೆ.

ಹಾಗಾಗಿ ಪುಟ ವಾಪಸ್ ತನ್ನಿ. ಲಿಂಕಿನೊಳಗೇ ಇಂಗ್ಲಿಷ್ ಅಕ್ಷರದಲ್ಲಿ "ಸಾವು" ಅಂತ ಇರುತ್ತದೆ, ಅದನ್ನು ಹೊಸ ವಿಳಾಸಕ್ಕೆ ತಿರುಗಿಸಿ, ಹಳೆಯದನ್ನು ಒತ್ತಿದರೂ ಹೊಸದಕ್ಕೆ ಹೋಗಬೇಕು. ಫೋಟೋ ತೆಗೆಯಿರಿ, ಸರ್ವರಿನಿಂದಲೂ ತೆಗೆಯಿರಿ. ಪುಟದಿಂದ ಕಿತ್ತರೂ ಚಿತ್ರದ ಫೈಲ್ ಸರ್ವರಿನಲ್ಲಿ ಕೂತಿದ್ದರೆ ಗೂಗಲ್ ಚಿತ್ರಗಳಲ್ಲಿ ಕಾಣಿಸುತ್ತಲೇ ಇರುತ್ತದೆ. ಆಮೇಲೆ ಗೂಗಲ್‌ಗೆ ಹಳೇ ಮಾಹಿತಿ ಬದಲಾಗಿದೆ ಅಂತ ಕೋರಿಕೆ ಕಳಿಸಬಹುದು, ಪುಕ್ಕಟೆ.

ಇನ್ನೊಂದು. ಸುದ್ದಿಯನ್ನು ಗುಟ್ಟಾಗಿ ಬದಲಿಸಿ ಮೇಲೆ ಬರೀ "ಅಪ್‌ಡೇಟ್ ಆಗಿದೆ" ಅಂತ ಟೈಮ್ ಹಾಕೋ ಚಾಳಿ ಇದೆ. ಅಪ್‌ಡೇಟ್ ಅಂದರೆ ಹೊಸದು ಸೇರಿಸೋದು. ತಪ್ಪಿದ್ದನ್ನು ತಿದ್ದೋದು ಬೇರೆ. ಏನು ತಪ್ಪಿತ್ತು, ಎಷ್ಟು ಹೊತ್ತಿಗೆ ತಿದ್ದಿದಿರಿ, ಎರಡೂ ಕಾಣಬೇಕು. ಸತ್ಯ ಪರಿಶೀಲನೆ ಮಾಡುವ ಸೈಟ್‌ಗಳಿಗೆ ಐಎಫ್‌ಸಿಎನ್ ಅಂತ ಜಾಗತಿಕ ಒಕ್ಕೂಟ ಇದೆ. ಅದರ ಮುದ್ರೆ ಬೇಕಾದರೆ ಪಾಲಿಸಬೇಕಾದ ಐದು ಬದ್ಧತೆಗಳಲ್ಲಿ ಇದೂ ಒಂದು, ತಪ್ಪನ್ನು ಬಹಿರಂಗವಾಗಿ ತಿದ್ದಬೇಕು.

ನಿಮ್ಮ ಪೋಸ್ಟ್ ಓದಿ ನೆನಪಾಗಿದ್ದು 2011ರ ಜನವರಿ 8. ಅಮೆರಿಕದ ಟಕ್ಸನ್‌ನಲ್ಲಿ ಸಂಸದೆ ಗ್ಯಾಬ್ರಿಯೆಲ್ ಗಿಫರ್ಡ್ಸ್ ಮೇಲೆ ಗುಂಡು ಹಾರಿಸಿದರಲ್ಲ, ಆಗ ಎನ್‌ಪಿಆರ್ ಅಂತ ಭಾರೀ ಹೆಸರಿನ ರೇಡಿಯೋ ಸಂಸ್ಥೆ ಆಕೆ ತೀರಿಕೊಂಡರು ಅಂತ ಹೇಳಿತು. ಬೇರೆಯವರೂ ಅದನ್ನೇ ಹಿಡಿದು ಹೇಳಿದರು. ಆಕೆಯ ಗಂಡ, ಗಗನಯಾತ್ರಿ, ವಿಮಾನದಲ್ಲಿ ಟಕ್ಸನ್ ಕಡೆಗೆ ಹೊರಟಿದ್ದರು. ಹೆಂಡತಿ ಸತ್ತ ಸುದ್ದಿಯನ್ನು ಆ ವಿಮಾನದ ಟಿವಿಯಲ್ಲಿ ನೋಡಿದರು. ಆಕೆ ಬದುಕಿದ್ದರು, ಈಗಲೂ ಇದ್ದಾರೆ. ಎನ್‌ಪಿಆರ್ ಬಹಿರಂಗವಾಗಿ ಕ್ಷಮೆ ಕೇಳಿತು.

---

ಮೊಗ್ಗಿನಜಡೆ:

ಡೆಸ್ಕ್‌ಹುಡುಗ ಅಣ್ಣ, ನಾನು ಆ ಕಡೆಯವಳು. ಅಂದರೆ ನಿಮ್ಮ ಫೋನಿನ ಆ ತುದಿಯಲ್ಲಿ ಇರೋರು.

ನಮ್ಮ ಸೋದರಮಾವನ ಹೆಸರಿನವರೇ ಇನ್ನೊಬ್ಬರು ಪಕ್ಕದ ತಾಲೂಕಿನಲ್ಲಿ ಚೀಟಿ ದುಡ್ಡು ಎತ್ತಿಕೊಂಡು ಓಡಿಹೋದರು. ಒಂದು ಸೈಟ್‌ನವರು ಫೇಸ್‌ಬುಕ್ಕಿನಲ್ಲಿ ಹೆಸರು ಹುಡುಕಿ, ಸಿಕ್ಕಿದ ಮೊದಲನೇ ಫೋಟೋ ಹಾಕಿದರು. ಅದು ನಮ್ಮ ಮಾವನದು. ತಂಗಿ ಮದುವೆಯಲ್ಲಿ ಪೇಟ ಕಟ್ಟಿಕೊಂಡು ನಗುತ್ತಾ ನಿಂತಿದ್ದ ಫೋಟೋ. ನಾವು ಫೋನ್ ಮಾಡಿದೆವು, ಹತ್ತು ನಿಮಿಷದಲ್ಲಿ ತೆಗೆದರು. ಅವರ ದೃಷ್ಟಿಯಲ್ಲಿ ದೊಡ್ಡ ಉಪಕಾರ.

ಎರಡು ವರ್ಷ ಆದ ಮೇಲೆ ಮಾವನ ಮಗಳಿಗೆ ಗಂಡು ನೋಡಿದ್ದರು. ಎಲ್ಲಾ ಆಗಿ, ತಾಂಬೂಲ ಬದಲಾಯಿಸಬೇಕು ಅನ್ನೋ ಹೊತ್ತಿಗೆ ಆ ಕಡೆಯವರ ಯಾರೋ ನೆಂಟರು ಅದೇ ಸ್ಕ್ರೀನ್‌ಶಾಟ್ ತಂದು ಇಟ್ಟರು. "ಅದು ತಪ್ಪು ಸುದ್ದಿ" ಅಂತ ಮಾವ ಹೇಳಿದರು. "ಹೌದಾ, ಎಲ್ಲಿದೆ ತೋರಿಸಿ" ಅಂದರು. ತೋರಿಸೋಕೆ ನಮ್ಮ ಕೈಯಲ್ಲಿ ಏನೂ ಇರಲಿಲ್ಲ. ಅವರ ಹತ್ತಿರ ಸ್ಕ್ರೀನ್‌ಶಾಟ್ ಇದೆ, ನಮ್ಮ ಹತ್ತಿರ ಬಾಯಿಮಾತು. ಸೈಟ್‌ನವರಿಗೆ ಫೋನ್ ಮಾಡಿ ಒಂದು ಚೀಟಿ ಬರೆದುಕೊಡಿ ಅಂದರೆ, "ಅಂಥ ಸುದ್ದಿ ನಮ್ಮಲ್ಲಿ ಬಂದೇ ಇಲ್ಲ ಮೇಡಂ" ಅಂದರು.

ಅದಕ್ಕೇ ಖಾರಬೂಂದಿ ಅವರಿಗೆ ಹೇಳೋದು. ಮನೆಯವರನ್ನು ಬೀದಿಗೆ ತರಬಾರದು ಅಂತ ನಿಮ್ಮ ಕಾಳಜಿ, ಒಳ್ಳೇದು. ಆದರೆ ನಮ್ಮನ್ನು ಒಂದು ಮಾತು ಕೇಳಿ. ಫೋಟೋ ಬೇಡ, ಖಂಡಿತ ಬೇಡ. ಆದರೆ "ತಪ್ಪು ನಮ್ಮದು" ಅನ್ನೋ ನಾಲ್ಕು ಸಾಲು ಎಲ್ಲಾದರೂ ಇರಲಿ, ನಾಳೆ ತೋರಿಸೋಕಾದರೂ ಬೇಕು.

---

ಕರಿಕೋಟು:

ಮೊಗ್ಗಿನಜಡೆ ಅವರ ಮಾತಿಗೆ ಒಂದೇ ಒಂದು ಸೇರಿಸುತ್ತೇನೆ. ಎಲ್ಲದಕ್ಕೂ ಈ "ಪುಟ ಉಳಿಸಿ, ಟಿಪ್ಪಣಿ ಹಾಕಿ" ನಡೆಯಲ್ಲ. ಅತ್ಯಾಚಾರಕ್ಕೆ ಒಳಗಾದವರ ಗುರುತು, ಪೋಕ್ಸೋ ಕೇಸಿನ ಮಗುವಿನ ಗುರುತು ಬಂದುಬಿಟ್ಟಿದ್ದರೆ ಆ ಕ್ಷಣವೇ ಕಿತ್ತುಹಾಕಬೇಕು. ಹೆಸರಷ್ಟೇ ಅಲ್ಲ, ಶಾಲೆ, ಬೀದಿ, ಅಪ್ಪನ ಕೆಲಸ, ಗುರುತು ಸಿಗುವಂಥ ಯಾವುದೂ ಇರಬಾರದು. ತಿದ್ದುಪಡಿಯಲ್ಲಿ "ಇಂಥವರ ಹೆಸರು ಹಾಕಿದ್ದಕ್ಕೆ ವಿಷಾದ" ಅಂತ ಮತ್ತೆ ಹೆಸರು ಹಾಕುವ ಬುದ್ಧಿವಂತರನ್ನೂ ನೋಡಿದ್ದೇನೆ. 2018ರಲ್ಲಿ ಜಮ್ಮುವಿನ ಕಠುವಾದಲ್ಲಿ ಅತ್ಯಾಚಾರಕ್ಕೊಳಗಾಗಿ ಕೊಲೆಯಾದ ಮಗುವಿನ ಗುರುತು ಹೊರಹಾಕಿದ್ದಕ್ಕೆ ದೆಹಲಿ ಹೈಕೋರ್ಟ್ 12 ಮಾಧ್ಯಮ ಸಂಸ್ಥೆಗಳಿಗೆ ತಲಾ 10 ಲಕ್ಷ ಕಟ್ಟಿಸಿತು. ಕೋರ್ಟಿನಲ್ಲಿ ಕ್ಷಮೆ ಕೇಳಿದ ಮೇಲೂ.

---

ಖಾರಬೂಂದಿ:

ಮೊಗ್ಗಿನಜಡೆ, ತೋರಿಸೋಕೆ ಒಂದು ಚೀಟಿ ಬೇಕು ಅನ್ನೋ ವಿಷಯ ನನಗೆ ಹೊಳೆದಿರಲಿಲ್ಲ. ಕ್ಲಿಕ್ ಬಗ್ಗೆ ಹೇಳಿದ್ದನ್ನು ಮಾತ್ರ ವಾಪಸ್ ತಗೊಳ್ಳಲ್ಲ. ಮಾಲೀಕರು ಕೆಲಸದಿಂದ ತೆಗೆದರೆ ಈ ಹುಡುಗನಿಗೆ ಅನ್ನ ಹಾಕೋರು ಯಾರು ಅಂತ ಯಾರೂ ಹೇಳಲಿಲ್ಲ.

---

ಡೆಸ್ಕ್‌ಹುಡುಗ:

ಎಲ್ಲರಿಗೂ ಥ್ಯಾಂಕ್ಸ್. ಕೆಲಸ ಇನ್ನೂ ಇದೆ ಖಾರಬೂಂದಿ ಅವರೇ.

ಮಾಲೀಕರ ಹತ್ತಿರ ನೀತಿ ಬಗ್ಗೆ ಮಾತಾಡಲೇ ಇಲ್ಲ. ಕರಿಕೋಟು ಸರ್ ಬರೆದದ್ದನ್ನು ಹೆಸರು ತೆಗೆದು ಪ್ರಿಂಟ್ ಮಾಡಿ ಮೇಜಿನ ಮೇಲೆ ಇಟ್ಟೆ. ಸ್ಕ್ರೀನ್‌ಶಾಟ್ ಸಾಕ್ಷಿ ಆಗುತ್ತದೆ ಅನ್ನೋ ಸಾಲಿಗೆ ಅವರೇ ಪೆನ್ನಿನಲ್ಲಿ ಗೆರೆ ಎಳೆದಿದ್ದರು. ಸಂಜೆ ಕರೆದು, "ಏನೋ ಮಾಡು, ಆದರೆ ಕ್ಷಮೆ ಅನ್ನೋ ಪದ ಬೇಡ" ಅಂದರು. "ವಿಷಾದ" ಆಗಬಹುದಂತೆ. ಅರ್ಧ ಗಂಟೆ ಇದೇ ಎರಡು ಪದದ ಮೇಲೆ ಚೌಕಾಸಿ. ಕೊನೆಗೆ ಹಾಕಿದ್ದು ಇದು:

"ತಿದ್ದುಪಡಿ: ಈ ಪುಟದಲ್ಲಿ ಮೊದಲು ಬೈಕ್ ಸವಾರರು ಮೃತಪಟ್ಟಿದ್ದಾರೆ ಎಂದು ಪ್ರಕಟವಾಗಿತ್ತು. ಅದು ತಪ್ಪು. ಅವರು ಗಾಯಗೊಂಡು ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆಯುತ್ತಿದ್ದಾರೆ. ಪೊಲೀಸರಿಂದಾಗಲಿ ವೈದ್ಯರಿಂದಾಗಲಿ ಖಚಿತಪಡಿಸಿಕೊಳ್ಳದೆ ಸುದ್ದಿ ಹಾಕಿದ್ದು ನಮ್ಮ ತಪ್ಪು. ಅವರಿಗೂ ಅವರ ಮನೆಯವರಿಗೂ ಆದ ನೋವಿಗೆ ವಿಷಾದಿಸುತ್ತೇವೆ."

ಕೆಳಗೆ ಮೊದಲು ಹಾಕಿದ ಸಮಯ, ತಿದ್ದಿದ ಸಮಯ, ಅವರ ಊರು. ಹೆಸರು ಹಾಕಲಿಲ್ಲ, ಮನೆಯವರೇ ಬೇಡ ಅಂದರು, ಊರು ಹಾಕಿ ಸಾಕು, ನಮ್ಮವರಿಗೆ ಗೊತ್ತಾಗುತ್ತೆ ಅಂದರು. ಲಿಂಕ್‌ರಿಪೇರಿ ಅವರು ಹೇಳಿದ ಹಾಗೆ ಹಳೇ ವಿಳಾಸ ಒತ್ತಿದರೂ ಇದೇ ಪುಟ ಬರುತ್ತದೆ. ಫೋಟೋ ಸರ್ವರಿನಿಂದಲೂ ಹೋಗಿದೆ. ತಪ್ಪು ಸುದ್ದಿ ಓದಿದವರಲ್ಲಿ ಕಾಲುಭಾಗ ಜನರೂ ಇದನ್ನು ಓದಿಲ್ಲ. ಪಕ್ಕದ ಸೈಟ್‌ನವರು ಅವರದ್ದನ್ನು ಡಿಲೀಟ್ ಮಾಡಿ ಆರಾಮಾಗಿದ್ದಾರೆ.

ಆ ದಿನ ಫೋನ್ ಮಾಡಿದ್ದರಲ್ಲ, ಅವರ ನಂಬರಿಗೆ ಲಿಂಕ್ ಕಳಿಸಿದೆ. ಎರಡು ನೀಲಿ ಗೆರೆ ಬಂತು, ಉತ್ತರ ಇಲ್ಲ. ಇವತ್ತು ಬೆಳಗ್ಗೆ ಫೋನ್ ಬಂತು. ಅಣ್ಣನಿಗೆ ಕಾಲಿಗೆ ರಾಡ್ ಹಾಕಿದ್ದಾರೆ, ಮುಂದಿನ ವಾರ ಮನೆಗೆ ಕಳಿಸುತ್ತಾರಂತೆ. ಅಷ್ಟು ಹೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಸಾರ್, ಬೇಜಾರು ಮಾಡ್ಕೋಬೇಡಿ, ನಮ್ಮೂರು ಪುರ ಅಲ್ಲ, ಪುರದಹಳ್ಳಿ. ಪುರ ಆ ಕಡೆ ಹೋಬಳೀಲಿದೆ" ಅಂದರು.

ಹಳೇಮೊಳೆ ಸರ್, ನಾನು ಒಂದೇ ಸಲ ಓದಿದ್ದೆ.